ಜಿನ್ನಿಂಗ್ ಮಿಲ್ಲಿನ ಹನ್ನೊಂದು ಮಂದಿ

ಸಾವಕಾರರು ನನ್ನನ್ನು ಒಳಗೆ ಕರೆದು, "ನಾಳಿಂದ ನೀ ಫುಟ್‌ಬಾಲ್ ಟೀಮೂ ನೋಡ್ಕೋಬೇಕು ತಮ್ಮಾ," ಎಂದಾಗ ನಾನು ಆ ದಿನದ ಹತ್ತಿಯ ತೂಕ ಒಪ್ಪಿಸಲು ನಿಂತಿದ್ದೆ. ಸಿಂಧನೂರಿನ ಅವರ ಜಿನ್ನಿಂಗ್ ಮಿಲ್ಲಿಗೆ ನಾನು ಮ್ಯಾನೇಜರ್. ಹತ್ತಿ ಬಿಡಿಸುವ ಯಂತ್ರ, ಅದನ್ನು ಒತ್ತಿ ಅಂಡಿಗೆ ಕಟ್ಟುವ ಪ್ರೆಸ್ಸು, ಹಮಾಲರ ಪಾಳಿ, ಇವಿಷ್ಟು ನನಗೆ ಗೊತ್ತಿದ್ದವು. ಫುಟ್‌ಬಾಲನ್ನು ನಾನು ದೂರದಿಂದ ನೋಡಿದ್ದೆ, ಅಷ್ಟೆ.

"ನನಗ ಆಟ ಬರಂಗಿಲ್ರಿ," ಎಂದೆ.

"ಆಡು ಅಂತ ಯಾರಂದ್ರು ನಿನಗ? ಆಡೋರ್ನ ನೋಡ್ಕೋ ಅಂದೆ," ಎಂದರು.

ನಿಜಾಮರ ರಾಜ್ಯದ ಮೇಲೆ ಪೊಲೀಸ್ ಆ್ಯಕ್ಷನ್ ಆಗಿ ಮೂರು ವರ್ಷ ಕಳೆದಿದ್ದವು. ಕಾಲುವೆಯನ್ನು ಇನ್ನೂ ಅಗೆಯುತ್ತಿದ್ದರು, ನೀರು ಬಂದಿರಲಿಲ್ಲ. ಲಿಂಗಸುಗೂರಿನ ಹಳೆಯ ದಂಡಿನ ಛಾವಣಿ ಮೈದಾನದಲ್ಲಿ ವರ್ಷಕ್ಕೊಮ್ಮೆ, ದೀಪಾವಳಿ ದಾಟಿದ ಮೇಲೆ, ಶೀಲ್ಡಿಗಾಗಿ ಪಂದ್ಯಗಳು ನಡೆಯುತ್ತಿದ್ದವು. ಅದನ್ನು ರಾಯಚೂರಿನ ಒಂದು ಎಣ್ಣೆ ಮಿಲ್ಲಿನವರು ಪ್ರತಿ ಸಲ ಹೊತ್ತುಕೊಂಡು ಹೋಗುತ್ತಿದ್ದರು. ಅವರು ಚೆನ್ನಾಗಿ ಆಡುವವರನ್ನು ಹುಡುಕಿ, ಮಿಲ್ಲಿನಲ್ಲಿ ನೌಕರಿ ಕೊಟ್ಟು, ಆಟಕ್ಕೆಂದೇ ಇಟ್ಟುಕೊಂಡಿದ್ದರು. ನಮ್ಮ ಸಾವಕಾರರಿಗೂ ಹಾಗೆಯೇ ಮಾಡಬೇಕೆಂಬ ಹಟ ಹಿಡಿದಿತ್ತು. ಟೀಮಿಗೆ ಒಂದು ಕಮಿಟಿಯಾಯಿತು: ಸಾವಕಾರರು, ಅವರ ವಕೀಲರು ಮತ್ತು ನಾನು. ವಕೀಲರು ಹೈದರಾಬಾದಿನಲ್ಲಿ ಕಾಲೇಜು ಓದುವಾಗ ಆಡಿದವರು. ಆಟದ ಮಾತು ಬಂದರೆ ಕೋರ್ಟಿನ ಕೆಲಸ ಮರೆಯುತ್ತಿದ್ದರು.

ಮೊದಲು ಕಲಿಸುವವರು ಬೇಕಿತ್ತು. ಲಿಂಗಸುಗೂರಿನಲ್ಲಿ ಸೈಕಲ್ ರಿಪೇರಿ ಮಾಡುವ ಒಬ್ಬರಿದ್ದಾರೆ, ನಿಜಾಮರ ಫೌಜಿನಲ್ಲಿ ಹವಾಲ್ದಾರರಾಗಿದ್ದವರು, ಅಲ್ಲಿನ ಟೀಮಿನಲ್ಲಿ ಆಡಿದವರು ಎಂದು ಯಾರೋ ಹೇಳಿದರು. ಫೌಜು ಬರಖಾಸ್ತಾದ ಮೇಲೆ ಅವರು ಅಕ್ಕನ ಮನೆಗೆ ಬಂದು ನಿಂತಿದ್ದರು. ನಾನು ಹೋದಾಗ ಅವರು ಒಂದು ಚಕ್ರದ ಕಡ್ಡಿಗಳನ್ನು ಬಿಗಿಯುತ್ತಿದ್ದರು. ನಾನು ಬಂದ ಕಾರಣ ಹೇಳಿದ ಮೇಲೂ ಚಕ್ರವನ್ನು ತಿರುಗಿಸಿ ನೋಡಿ, ಸೊಟ್ಟ ಹೋಯಿತೆಂದು ಖಾತ್ರಿ ಮಾಡಿಕೊಂಡೇ ನನ್ನತ್ತ ತಿರುಗಿದರು.

"ಮ್ಯಾನೇಜರ್ ಸಾಬ್, ಈಗಿನ ದಿನದಾಗ ಫೌಜಿನವನ್ನ ಕರದ್ರ ಊರಾಗ ಮಾತು ಬರ್ತಾವ. ನಿಮ್ಮ ಸಾವಕಾರ್ರಿಗೆ ಗೊತ್ತೈತೇನು?"

"ಅವರ ಕಳಿಸ್ಯಾರ್ರಿ."

"ಹಂಗಾರ ಒಂದ ಶರತ್ತು. ಆಡೋ ಹನ್ನೊಂದು ಮಂದಿ ಯಾರು ಅಂತ ನಾ ಹೇಳ್ತೀನಿ. ಸೋತ್ರ ನನ್ನ ತಗೀರಿ, ಬ್ಯಾಸರ ಇಲ್ಲ. ಆದ್ರ ಅದ್ರಾಗ ಯಾರೂ ಕೈ ಹಾಕಬಾರದು."

ಸಾವಕಾರರು ಒಪ್ಪಿದರು. ಅಂದಿನಿಂದ ನಾವೆಲ್ಲ ಅವರನ್ನು ಉಸ್ತಾದರೆಂದೇ ಕರೆದೆವು.

ಮಿಲ್ಲಿನ ಹಿಂದಿನ ಜಾಗವೆಲ್ಲ ಎರೆಭೂಮಿ. ಬೇಸಿಗೆಯಲ್ಲಿ ಪಾದ ಹೋಗುವಷ್ಟು ಬಿರುಕು, ಮಳೆ ಬಿದ್ದರೆ ಹೆಜ್ಜೆಗೆ ಸೇರು ಮಣ್ಣು. ಉಸ್ತಾದರು ಮೊದಲು ಬಾಲು ಮುಟ್ಟಗೊಡಲಿಲ್ಲ. ಮಸ್ಕಿಯ ಕಡೆಯಿಂದ ಚಕ್ಕಡಿಗಳಲ್ಲಿ ಗರಸು ಮಣ್ಣು ತರಿಸಿ, ಹರಡಿಸಿ, ನೀರು ಹೊಡೆಸಿ, ಎತ್ತು ಕಟ್ಟಿ ಕಲ್ಲಿನ ರೋಲರ್ ಎಳೆಸಿದರು. ಆಡಲು ಬಂದವರೇ ಆ ಕೆಲಸವನ್ನೂ ಮಾಡಿದರು. ಹೆಚ್ಚಿನವರು ಮಸ್ಕಿ, ಸಿಂಧನೂರು ಸುತ್ತಿನ ಹಮಾಲರು, ಒಕ್ಕಲುತನದವರು. ಬರಿಗಾಲಲ್ಲಿ, ಹಿಮ್ಮಡಿಗೆ ಬಟ್ಟೆಯ ಪಟ್ಟಿ ಸುತ್ತಿಕೊಂಡು ಆಡುತ್ತಿದ್ದರು.

ನೆಲ ಗಟ್ಟಿಯಾದ ಮೇಲೆ ಉಸ್ತಾದರು ಹತ್ತಿಯ ಅಂಡಿಗೆಗಳನ್ನು ಎರಡು ಸಾಲಾಗಿ ಇಡಿಸಿದರು. ಅಂಡಿಗೆಗಳ ನಡುವೆ ಒಂದು ಬಾಲು ಹಾಯುವಷ್ಟೇ ಸಂದು. ಆ ಸಂದಿನಲ್ಲಿ ಬಾಲನ್ನು ದಾಟಿಸಬೇಕು, ದಾಟಿಸಿದವನು ಆಚೆ ಓಡಿ ಮತ್ತೆ ಪಡೆಯಬೇಕು. ಮೊಣಕಾಲಿನ ಮೇಲೆ ಬಾಲು ಎದ್ದರೆ ಆಟ ನಿಲ್ಲಿಸುತ್ತಿದ್ದರು. ಆಕಾಶಕ್ಕೆ ಒದೆಯುವುದೇ ಫುಟ್‌ಬಾಲೆಂದು ತಿಳಿದಿದ್ದವರಿಗೆ ಇದು ಶಿಕ್ಷೆಯಂತೆ ಕಂಡಿತು. ನನ್ನ ಪಾಲಿಗೆ ಬಂದದ್ದು ಬೇರೆ ಕೆಲಸ: ಎಲ್ಲರ ಪಾಳಿ ಒಂದೇ ಹೊತ್ತಿಗೆ ಮುಗಿಯುವಂತೆ ನೋಡಬೇಕು, ಚರ್ಮದ ಬಾಲು ಬಿರಿಯದಂತೆ ಕುಸುಬಿ ಎಣ್ಣೆ ಸವರಿಸಬೇಕು, ಒಳಗಿನ ಬ್ಲ್ಯಾಡರು ಸೋರಿದರೆ ರಾಯಚೂರಿನಿಂದ ತರಿಸಬೇಕು, ಊಟದ ಮನೆಯಲ್ಲಿ ಜಗಳ ಬಿಡಿಸಬೇಕು. ಟೀಮು ನಡೆಸುವುದೆಂದರೆ ಇಂಥ ಸಣ್ಣಪುಟ್ಟದ್ದನ್ನು ಹೊತ್ತು ಮೀರದಂತೆ ಮಾಡುವುದು ಎಂದು ತಿಳಿಯುತ್ತ ಬಂತು.

ಮೊದಲ ವರ್ಷ ಲಿಂಗಸುಗೂರಿನಲ್ಲಿ ಮೊದಲ ಪಂದ್ಯದಲ್ಲೇ ಎಣ್ಣೆ ಮಿಲ್ಲಿನವರು ಎದುರಾದರು. ಐದು ಗೋಲು ತಿಂದು ಬಂದೆವು. ಉಸ್ತಾದರು, "ಪಾಸ್ ಕೊಡೋದು ಕಲ್ತಾರ. ಹೊಡಿಯೋದು ಮುಂದಿನ ವರ್ಷ ಕಲಿತಾರ," ಎಂದು ಸುಮ್ಮನಾದರು. ವಕೀಲರಿಗೆ ಅಷ್ಟು ತಡೆಯಲಾಗಲಿಲ್ಲ. ಗೋಲು ಹೊಡೆಯುವವನೊಬ್ಬ ಬೇಕೇ ಬೇಕೆಂದು ಹೈದರಾಬಾದಿನಿಂದ ಒಬ್ಬ ಸೆಂಟರ್ ಫಾರ್ವರ್ಡನ್ನು ಕರೆಸಿದರು. ಉಸ್ತಾದರು ಅವನ ಆಟ ನೋಡಿ, "ಕಾಲು ಛಲೋ ಐತಿ," ಎಂದು ಒಪ್ಪಿಕೊಂಡರು.

ಅವನು ಬೂಟು ಹಾಕಿ ಆಡುತ್ತಿದ್ದ. ಮಾತು ಕಡಿಮೆ. ಎರಡೂ ಕಾಲಿನಿಂದ ಒಂದೇ ಬಿರುಸಿನಲ್ಲಿ ಹೊಡೆಯುತ್ತಿದ್ದ. ವಕೀಲರು ಅವನಿಗೆ ಆಫೀಸಿನ ಪಕ್ಕದ ಅತಿಥಿಗಳ ಕೋಲಿ ಕೊಡಿಸಿದರು; ಉಳಿದವರೆಲ್ಲ ತಗಡು ಹೊದಿಸಿದ ಪತ್ರಾಸ್ ಶೆಡ್ಡಿನಲ್ಲಿದ್ದರು. ಅವನ ಊಟ ಹೋಟೆಲಿನಿಂದ ಡಬ್ಬಿಯಲ್ಲಿ ಬರುತ್ತಿತ್ತು. ಹೆಸರಿಗೆ ಸ್ಟೋರಿನ ಸೂಪರ್‌ವೈಸರ್, ಕೆಲಸವಿಲ್ಲ. ಉಳಿದವರು ಬೆಳಗಿನಿಂದ ಪ್ರೆಸ್ಸಿನಲ್ಲಿ ಅಂಡಿಗೆ ಕಟ್ಟಿ, ಮೈಗೆ ಅಂಟಿದ ಹತ್ತಿಯ ಎಳೆ ಕೊಡವಿಕೊಳ್ಳುತ್ತ ಮೈದಾನಕ್ಕೆ ಬರುವಾಗ ಅವನು ನಿದ್ದೆ ಮುಗಿಸಿ, ಮುಖ ತೊಳೆದು ಬರುತ್ತಿದ್ದ. ಇದರಲ್ಲಿ ತಪ್ಪೇನೂ ನಮಗೆ ಕಾಣಲಿಲ್ಲ. ಒಳ್ಳೆಯ ಎತ್ತಿಗೆ ಒಳ್ಳೆಯ ಮೇವು ಹಾಕಿದಂತೆ ಎಂದುಕೊಂಡಿದ್ದೆವು.

ಸ್ವಲ್ಪ ದಿನಕ್ಕೆ ನಮ್ಮ ಸೆಂಟರ್ ಹಾಫ್ ಅವನಿಗೆ ಬಾಲು ಕೊಡುವುದನ್ನು ನಿಲ್ಲಿಸಿದ. ಈ ಸೆಂಟರ್ ಹಾಫ್ ರಾಯಚೂರಿನ ಕಡೆಯವನು, ಪ್ರೆಸ್ಸಿನ ಮೇಸ್ತ್ರಿ, ಹಮಾಲರೆಲ್ಲ ಅವನ ಮಾತು ಕೇಳುತ್ತಿದ್ದರು. ಬಾಲು ಬಂದರೆ ಎಡಕ್ಕೆ ಕೊಡುತ್ತಿದ್ದ, ಬಲಕ್ಕೆ ಕೊಡುತ್ತಿದ್ದ, ನಟ್ಟ ನಡುವೆ ಕೈಯೆತ್ತಿ ನಿಂತವನಿಗೆ ಮಾತ್ರ ಕೊಡುತ್ತಿರಲಿಲ್ಲ. ಹೈದರಾಬಾದಿನವನು ಸ್ವಲ್ಪ ದಿನ ಕಾದು, ಆಮೇಲೆ ಬಾಲು ಹುಡುಕಿಕೊಂಡು ತಾನೇ ಹಿಂದೆ ಬರತೊಡಗಿದ.

ಎರಡನೇ ವರ್ಷದ ಶೀಲ್ಡಿಗೆ ಮೊದಲು ಮಸ್ಕಿಯಲ್ಲಿ ಒಂದು ಪಂದ್ಯ ಆಡಿದೆವು. ಸಂತೆಯ ದಿನ; ಜನ ತುಂಬಿದ್ದರು. ನಮ್ಮ ಗೋಲ್‌ಕೀಪರ್ ಅದೇ ಊರಿನವನು, ಪ್ರೆಸ್ಸಿನ ಹಮಾಲ, ಅಗಲವಾದ ಮೈಕಟ್ಟಿನವನು. ಹೆಂಡತಿ, ಮಕ್ಕಳು ಅಂದು ಮೈದಾನದ ಅಂಚಿನಲ್ಲಿ ಕೂತಿದ್ದರು. ಆಟದ ನಡುವೆ ಸೆಂಟರ್ ಹಾಫ್‌ನಿಂದ ಬಾಲು ಸಿಗದೆ ಹೈದರಾಬಾದಿನವನು ಅವನ ಕಾಲಿನಿಂದಲೇ ಕಸಿಯಲು ಹೋದ. ನಮ್ಮವರಿಬ್ಬರೂ ಒಬ್ಬರ ಮೇಲೊಬ್ಬರು ಬಿದ್ದರು. ಬಾಲು ಎದುರಾಳಿಗೆ ಹೋಯಿತು. ಅವನು ತೆರೆದ ದಾರಿಯಲ್ಲಿ ನುಗ್ಗಿದ. ಗೋಲ್‌ಕೀಪರ್ ಮುಂದೆ ಬಂದು ಅವನ ಕಾಲಿಗೆ ಅಡ್ಡ ಬಿದ್ದ. ಬಾಲು ತಡೆದ, ಏಳಲಿಲ್ಲ. ಹೆಗಲ ಕೀಲಿನ ಎಲುಬು ಮುರಿದಿತ್ತು.

ಲಿಂಗಸುಗೂರಿನ ದವಾಖಾನೆಗೆ ಲಾರಿಯಲ್ಲಿ ಒಯ್ದೆವು. ಎಲುಬು ಕೂಡುತ್ತದೆ, ಆದರೆ ಆ ಕೈಯಿಂದ ಮತ್ತೆ ಗೋಲು ಕಾಯುವುದಾಗಲಿ, ಅಂಡಿಗೆ ಎತ್ತುವುದಾಗಲಿ ಸಾಧ್ಯವಿಲ್ಲ ಎಂದು ಡಾಕ್ಟರರು ಹೇಳಿದರು. ಹೊರಗಿನ ಕಟ್ಟೆಯ ಮೇಲೆ ಉಸ್ತಾದರ ಪಕ್ಕ ಕೂತೆ.

"ಇಬ್ಬರ ನಡುವೆ ಹಿಂಗಾಗೇತಿ ಅಂತ ನಿಮಗ ಗೊತ್ತಿತ್ತಲ್ರಿ ಉಸ್ತಾದರ, ತಿದ್ದಬೇಕಿತ್ತಲ್ರಿ," ಎಂದೆ.

"ಪಾಸ್ ತಪ್ಪಿದ್ರ ತಿದ್ದಬಹುದು. ಇದು ಮೈದಾನದ ಬ್ಯಾನಿ ಅಲ್ಲ ಮ್ಯಾನೇಜರ್ ಸಾಬ್, ನಿಮ್ಮ ಕಚೇರೀದು. ಒಬ್ಬಗ ಕೋಲಿ, ಹತ್ತು ಮಂದಿಗೆ ಪತ್ರಾಸ್ ಶೆಡ್ಡು ಕೊಟ್ಟೀರಿ. ಮೈದಾನದಾಗ ಬಂದು ಒಂದಾಗ್ರಿ ಅಂತ ನಾ ಹ್ಯಾಂಗ ಹೇಳ್ಲಿ?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಆ ಮಾತು ನನ್ನೊಳಗೆ ನಾಟಿತು.

ಮರುದಿನ ಕಮಿಟಿ ಕೂಡಿತು. ಹೊಸ ಗೋಲ್‌ಕೀಪರನನ್ನು ಎಲ್ಲಿಂದ ತರುವುದೆಂಬುದೇ ವಕೀಲರಿಗೆ ಮೊದಲ ಚಿಂತೆ. ಬಂದವನಿಗೆ ಇರಲು ಜಾಗ ಬೇಕು. ಗಾಯಗೊಂಡವನನ್ನು ಊರಿಗೆ ಕಳಿಸಿ ಶೆಡ್ಡಿನಲ್ಲಿ ಅವನ ಜಾಗ ತೆರವು ಮಾಡಿಸೋಣ ಎಂದರು. ಅವರು ಕೆಟ್ಟ ಮನುಷ್ಯರಲ್ಲ. ದವಾಖಾನೆಯ ಖರ್ಚನ್ನು ತಾವೇ ಕೊಡುತ್ತೇನೆಂದೂ ಅಂದರು.

"ಆಡಾಕಂತ ತಗೊಂಡಿದ್ವಿ. ಇನ್ನ ಆಡಾಕ ಆಗಂಗಿಲ್ಲ. ಇದ್ರಾಗ ನಮ್ಮ ತಪ್ಪೇನೈತಿ?" ಎಂದು ಕೇಳಿದರು.

ಸಾವಕಾರರು ನನ್ನ ಮುಖ ನೋಡಿದರು. ನಾನು ಕಮಿಟಿಯಲ್ಲಿ ಅಲ್ಲಿಯವರೆಗೆ ಹೂಂ ಅನ್ನುವುದಕ್ಕಷ್ಟೇ ಬಾಯಿ ತೆಗೆದವನು. ಆದರೆ ಬೆಳಗ್ಗೆ ಪ್ರೆಸ್ಸಿನಲ್ಲಿ ಒಬ್ಬೊಬ್ಬರೂ ನನ್ನನ್ನು ನೋಡಿದ ನೋಟ ಕಣ್ಣ ಮುಂದಿತ್ತು. ನಾವು ಏನು ಮಾಡುತ್ತೇವೆಂದು ಕಾಯುತ್ತಿದ್ದರು.

"ಅವನ್ನ ಕಳಿಸಿದ್ರ ಟೀಮೂ ಮುಗೀತು ಅಂತ ತಿಳೀರಿ," ಎಂದೆ. "ಉಳಿದ ಹತ್ತು ಮಂದಿ ನಾಳೆ ಬಾಲಿಗೆ ಕಾಲು ಹಾಕೋ ಮೊದಲ ತಮ್ಮ ಮನಿ ನೆನಸ್ತಾರ್ರಿ. ಅಡ್ಡ ಬೀಳೋ ಮೊದಲ ಹೆಂಡ್ತಿ ಮಕ್ಕಳನ್ನ ನೆನಸ್ತಾರ. ಹಂಗ ನೆನಸ್ಕೋತ ಯಾರು ಆಡ್ತಾರ್ರಿ?"

"ಒಂದು ಕೈಯಾಗ ಅವ ಏನು ಕೆಲಸ ಮಾಡ್ತಾನ?" ಎಂದು ಸಾವಕಾರರು ಕೇಳಿದರು.

"ಕಾಟಾದ ಮುಂದ ಕೂಡಸ್ತೀನ್ರಿ. ತೂಕದ ಕಲ್ಲು ಬ್ಯಾರೆಯವರು ಎತ್ಲಿ, ಮುಳ್ಳು ನೋಡಿ ಇವ ಕೂಗ್ಲಿ. ರೈತ್ರು ಅವನ್ನ ನಂಬ್ತಾರ. ಮತ್ತ ಇನ್ನೊಂದು ಮಾತು. ಅತಿಥಿಗಳ ಕೋಲಿ ನಾಳಿಂದ ಅತಿಥಿಗಳಿಗೇ ಇರ್ಲಿ."

ವಕೀಲರ ಮುಖ ಕೆಂಪಾಯಿತು. ಅಂಥ ಆಟಗಾರ ನಾಳೆಯೇ ರಾಯಚೂರಿಗೆ ಹೋಗಿ ರೈಲು ಹತ್ತುತ್ತಾನೆ, ಹತ್ತಿದರೆ ಮ್ಯಾನೇಜರೇ ಜವಾಬ್ದಾರ ಎಂದರು. ಸಾವಕಾರರು ಇಬ್ಬರ ಮಾತೂ ಕೇಳಿಸಿಕೊಂಡರು. ಕೊನೆಗೆ, "ನೀ ಹೇಳಿದಂಗ ಆಗ್ಲಿ. ಜವಾಬ್ದಾರೀನೂ ನಿಂದ," ಎಂದು ಎದ್ದುಹೋದರು.

ನಾನು ನೇರವಾಗಿ ಆ ಕೋಲಿಗೆ ಹೋದೆ. ಹೈದರಾಬಾದಿನವನು ಡಬ್ಬಿಯ ಮುಚ್ಚಳ ತೆಗೆದು, ಉಣ್ಣದೆ ಕೂತಿದ್ದ. ಶೆಡ್ಡಿಗೆ ಬರಬೇಕು, ಎಲ್ಲರ ಜೊತೆ ಉಣ್ಣಬೇಕು, ಬೆಳಗಿನ ಪಾಳಿಯಲ್ಲಿ ಕೆಲಸ ಮಾಡಬೇಕು ಎಂದು ಹೇಳಿದೆ. ಜಗಳಕ್ಕೆ ತಯಾರಾಗಿಯೇ ಹೋಗಿದ್ದೆ.

"ಈ ಕೋಲಿ ನಾ ಕೇಳಿದ್ದಲ್ಲ ಸಾಬ್," ಎಂದ ಅವನು. "ಕೊಟ್ರು, ಇದ್ದೆ. ಹೈದರಾಬಾದಿನ್ಯಾಗ ಒಂದ ಮನಿಯಾಗ ಒಂಬತ್ತು ಮಂದಿ ಇರ್ತಿದ್ವಿ. ಇಲ್ಲಿ ಒಬ್ಬನ ಕೂತು ಉಂಡು ಉಂಡು ಸಾಕಾಗೇತಿ."

ಮೊದಲ ದಿನಗಳು ಸುಲಭವಾಗಿರಲಿಲ್ಲ. ಅಂಡಿಗೆಗೆ ಕಬ್ಬಿಣದ ಪಟ್ಟಿ ಬಿಗಿಯಲು ಅವನಿಗೆ ಬರುತ್ತಿರಲಿಲ್ಲ, ಕೈ ಕೊಯ್ದುಕೊಂಡ. ಸೆಂಟರ್ ಹಾಫ್ ನೋಡುತ್ತ ನಿಂತಿದ್ದ. ಆಮೇಲೆ ಅವನ ಕೈಯಿಂದ ಪಟ್ಟಿ ತೆಗೆದುಕೊಂಡು, ಹೇಗೆ ಮಡಿಚಬೇಕೆಂದು ತೋರಿಸಿದ. ಆ ಸಂಜೆ ಬಾಲು ನಡುವಿಗೆ ಹೋಯಿತು. ಉಸ್ತಾದರು ನನ್ನತ್ತ ನೋಡಲೂ ಇಲ್ಲ. ಸೀಟಿ ಊದಿ ಮತ್ತೊಮ್ಮೆ ಅದನ್ನೇ ಮಾಡಿಸಿದರು.

ಗೋಲಿಗೆ ಯಾರು ಎಂಬುದು ಉಳಿದಿತ್ತು. ವಕೀಲರು ಹೊರಗಿನಿಂದ ತರಲು ಸಿದ್ಧರಿದ್ದರು. ಉಸ್ತಾದರು ಮುಕ್ಕುಂದದ ಒಬ್ಬ ಹಮಾಲನನ್ನು ಆರಿಸಿದರು. ಹೊಳೆದಂಡೆಯ ಊರಿನವನು, ಉದ್ದ ಕೈ, ನಾಚಿಕೆಯ ಸ್ವಭಾವ. ಪಂದ್ಯದಲ್ಲಿ ಎಂದೂ ಆಡಿದವನಲ್ಲ. ಲಾರಿಯಿಂದ ಎಸೆದ ಚೀಲಗಳನ್ನು ಅವನು ಹಿಡಿಯುವುದನ್ನು ಉಸ್ತಾದರು ನೋಡಿದ್ದರಂತೆ. ಹಳೆಯ ಗೋಲ್‌ಕೀಪರ್ ಕೈಯನ್ನು ಕೊರಳಿಗೆ ಕಟ್ಟಿಕೊಂಡು, ಕಾಟಾದ ಕೆಲಸ ಮುಗಿದ ಮೇಲೆ ಬಂದು ಅವನಿಗೆ ಎಲ್ಲಿ ನಿಲ್ಲಬೇಕು, ಯಾವಾಗ ಮುಂದೆ ಬರಬೇಕು ಎಂದು ಹೇಳಿಕೊಡುತ್ತಿದ್ದ.

ಆ ವರ್ಷ ಲಿಂಗಸುಗೂರಿನಲ್ಲಿ ನಾವು ಫೈನಲ್ಲಿಗೆ ಬಂದೆವು. ಎದುರಿಗೆ ಮತ್ತೆ ಎಣ್ಣೆ ಮಿಲ್ಲಿನವರು.

ಮೊದಲರ್ಧದಲ್ಲಿ ಎರಡು ಗೋಲು ತಿಂದೆವು. ಎರಡೂ ಮುಕ್ಕುಂದದವನ ತಪ್ಪಿನಿಂದಲೇ ಆದವು. ಒಂದು ಅವನ ಬೆರಳುಗಳ ನಡುವೆ ಜಾರಿತು. ಇನ್ನೊಂದು ಕಾಲ ಸಂದಿಯಲ್ಲಿ ಹಾಯಿತು. ಜನ ನಕ್ಕರು. ವಿಶ್ರಾಂತಿಯಲ್ಲಿ ಅವನು ಹುಡುಗರಿಂದ ದೂರ, ಗೋಲಿನ ಕಂಬಕ್ಕೆ ಒರಗಿ ಕೂತುಬಿಟ್ಟ. ಆಗಿನ ನಿಯಮದಲ್ಲಿ ಆಟಗಾರನನ್ನು ಬದಲಿಸುವಂತಿರಲಿಲ್ಲ. ಆಡುವವರೊಳಗೇ ಜಾಗ ಅದಲುಬದಲು ಮಾಡಬಹುದಿತ್ತು. ಸಾವಕಾರರು ಕುರ್ಚಿಯಿಂದ ಎದ್ದು ಮೈದಾನದ ಅಂಚಿನ ಹಗ್ಗದ ಕಡೆಗೆ ಬರುವುದನ್ನು ಕಂಡು ನಾನು ಅಡ್ಡ ಹೋದೆ.

"ಅವನ್ನ ಗೋಲಿನಿಂದ ತಗದು ಬ್ಯಾಕಿನವನ್ನ ನಿಲ್ಲಸು ಅಂತ ಹೇಳು ಉಸ್ತಾದರಿಗೆ," ಎಂದರು.

"ನಾ ಹೇಳಂಗಿಲ್ರಿ."

"ಹಂಗಾರ ನಾ ಹೇಳ್ತೀನಿ. ದಾರಿ ಬಿಡು."

"ನೀವು ಒಳಗ ಹೋಗಬ್ಯಾಡ್ರಿ ಸಾವಕಾರ್ರ. ಹನ್ನೊಂದು ಮಂದೀದು ಅವರಿಗೆ ಬಿಟ್ಟೀವಿ ಅಂತ ಮಾತು ಕೊಟ್ಟೀವಿ. ಗೆದ್ದಾಗ ಅಷ್ಟ ನಡಸೋ ಮಾತಲ್ರಿ ಅದು."

ನೌಕರಿ ಹೋಯಿತೆಂದೇ ಅಂದುಕೊಂಡೆ. ಸಾವಕಾರರು ಹಗ್ಗ ಹಿಡಿದು ನಿಂತರು. ಅತ್ತ ಉಸ್ತಾದರು ಗೋಲಿನ ಕಂಬದ ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕೂತು ಅವನಿಗೆ ಏನೋ ಹೇಳುತ್ತಿದ್ದರು. ಸಾವಕಾರರು ಅದನ್ನು ನೋಡಿದರು, ಹಗ್ಗ ಬಿಟ್ಟರು, ಮರಳಿ ಹೋಗಿ ಕುರ್ಚಿಯಲ್ಲಿ ಕೂತರು.

ಎರಡನೇ ಅರ್ಧದಲ್ಲಿ ಮುಕ್ಕುಂದದವನು ಬಿಟ್ಟುಕೊಡಲಿಲ್ಲ. ಹಾರಿ ಹಿಡಿದ, ಗುದ್ದಿದ, ಒಮ್ಮೆ ಮುಖಕ್ಕೇ ಬಾಲು ತಿಂದು ತಡೆದ. ಸೆಂಟರ್ ಹಾಫ್ ಕೊಟ್ಟ ಪಾಸಿಗೆ ಹೈದರಾಬಾದಿನವನು ಒಂದು ಗೋಲು ಹೊಡೆದ. ಇನ್ನೊಂದು ಕಂಬಕ್ಕೆ ಬಡಿಯಿತು. ಅಷ್ಟಕ್ಕೇ ಸೀಟಿ ಬಿತ್ತು. ಸೋತೆವು.

ಹಿಂದಿರುಗುವಾಗ ಮಸ್ಕಿಯಲ್ಲಿ ಚಹಾಕ್ಕೆ ಲಾರಿ ನಿಲ್ಲಿಸಿದಾಗ ಸೆಂಟರ್ ಹಾಫ್ ನನ್ನನ್ನು ಪಕ್ಕಕ್ಕೆ ಕರೆದ. ಎಣ್ಣೆ ಮಿಲ್ಲಿನವರು ಅವನನ್ನೂ ಹೈದರಾಬಾದಿನವನನ್ನೂ ಕರೆದಿದ್ದರು. ಅವನ ತಾಯಿ ರಾಯಚೂರಿನಲ್ಲಿ ಒಬ್ಬಳೇ, ಕಣ್ಣು ಮಂದವಾಗಿತ್ತು. "ನಾ ಹೋಗ್ತೀನ್ರಿ. ಅವಂದು ಏನೋ ಗೊತ್ತಿಲ್ಲ," ಎಂದ. ಹೋಗಬೇಡ ಅನ್ನಲು ನನಗೆ ಮನಸ್ಸಾಗಲಿಲ್ಲ. ಅವನನ್ನು ಕಳಿಸಿಕೊಡುವುದೂ ನನ್ನ ಕೆಲಸವೇ ಆಗಿತ್ತು.

ಮರುದಿನ ಬೆಳಗ್ಗೆ ಮಿಲ್ಲಿನ ಭೋಂಗಾ ಕೂಗಿದಾಗ ಮುಕ್ಕುಂದದವನು ಪಾಳಿಗೆ ಬಂದಿರಲಿಲ್ಲ. ಅವನ ಗಂಟೂ ಶೆಡ್ಡಿನಲ್ಲಿರಲಿಲ್ಲ. ಹೈದರಾಬಾದಿನವನೂ ಕಾಣಲಿಲ್ಲ. ಅವನು ರಾಯಚೂರಿನ ಬಸ್ಸು ಹಿಡಿದಿರಬೇಕೆಂದು ಎಲ್ಲರೂ ಅಂದರು. ನನಗೂ ಹಾಗೆಯೇ ಅನಿಸಿತು. ಹೋದವನು ಹೋಗಲಿ, ಸೋತೆನೆಂದು ಹೆದರಿ ಓಡಿದವನನ್ನಾದರೂ ಕರೆತರಬೇಕೆಂದು ಸೈಕಲ್ ಹತ್ತಿದೆ. ಆಫೀಸಿನಲ್ಲಿ ಯಾರಿಗೂ ಹೇಳಲಿಲ್ಲ.

ಮುಕ್ಕುಂದದಲ್ಲಿ ನೆಲ್ಲಿನ ಕೊಯ್ಲು ನಡೆದಿತ್ತು. ಊರ ಹೊರಗೆ ಕೇಳಿದಾಗ ಹೊಳೆಯ ಕಡೆಯ ಗದ್ದೆ ತೋರಿಸಿದರು. ಬದುವಿನ ಮೇಲೆ ಸೈಕಲ್ ತಳ್ಳಿಕೊಂಡು ಹೋದೆ. ಬೇವಿನ ಗಿಡದ ನೆರಳಲ್ಲಿ ಮುಕ್ಕುಂದದವನ ತಾಯಿ ರೊಟ್ಟಿಯ ಬುಟ್ಟಿ ಬಿಚ್ಚಿ ಕೂತಿದ್ದಳು. ಮಗ ತಲೆ ತಗ್ಗಿಸಿ ಉಣ್ಣುತ್ತಿದ್ದ. ಅವನ ಎದುರಿಗೆ, ಪ್ಯಾಂಟನ್ನು ಮೊಣಕಾಲಿನವರೆಗೆ ಮಡಿಚಿ, ಕೆಸರು ಮೆತ್ತಿದ ಕಾಲಲ್ಲಿ ಹೈದರಾಬಾದಿನವನು ಕೂತಿದ್ದ. ಕೈಯಲ್ಲಿ ರೊಟ್ಟಿ, ಪುಂಡಿಪಲ್ಯ.

"ನನ್ನ ಮಗನ್ನ ಕರಿಯಾಕ ಬಂದಾನ್ರಿ ಇವ. ಇಬ್ಬರದೂ ಮಾತು ಮುಗದೈತ್ರಿ," ಎಂದಳು ತಾಯಿ, ನನ್ನನ್ನು ಕಂಡು. "ಈ ಮಡಿ ಕೊಯ್ದು ಮುಗಿಸಿ ಸಂಜಿಗೆ ಬರ್ತಾನಂತ. ಇವನೂ ಕುಡುಗೋಲು ಹಿಡಿತೀನಿ ಅಂದಾನ. ಬರಂಗಿಲ್ಲ, ಸುಮ್ನ ಕೂಡಪ್ಪ ಅಂದ್ರ ಕೇಳವಲ್ಲ."

ಹೈದರಾಬಾದಿನವನು ಎದ್ದು ನಿಂತ. "ರಜಾ ಕೇಳದ ಬಂದೀನಿ ಸಾಬ್. ಇವತ್ತಿನ ಪಗಾರ ಕಟ್ ಮಾಡ್ರಿ."

"ನಾನೂ ರಜಾ ಕೇಳಿ ಬಂದಿಲ್ಲ ಮಾರಾಯಾ," ಎಂದೆ.

ಆ ತಾಯಿ ಬುಟ್ಟಿಯಿಂದ ಇನ್ನೊಂದು ರೊಟ್ಟಿ ತೆಗೆದು ನನ್ನ ಕೈಗಿಟ್ಟಳು. ನಾನು ಸೈಕಲನ್ನು ಬೇವಿನ ಬುಡಕ್ಕೆ ಒರಗಿಸಿ, ಅವರಿಬ್ಬರ ನಡುವೆ ಕೂತೆ.